ಮೀಮ್ ಅನ್ನೋ ಶಬ್ದ ಹುಟ್ಟಿದ್ದು ಹೇಗೆ?

ಪ್ರಶ್ನೆ: ನಾನು ಜಮಖಂಡಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಹತ್ತನೇ ಕ್ಲಾಸಿನ ಹುಡುಗರ ಬಾಯಲ್ಲಿ ದಿನಾ ಮೀಮ್ ಅನ್ನೋ ಮಾತು. ಒಬ್ಬ ‘ಮೇಮೆ’ ಅಂತಾನೆ, ಇನ್ನೊಬ್ಬ ‘ಮೆಮ್’ ಅಂತಾನೆ. ಫೋನಿನಲ್ಲಿ ಬರುವ ತಮಾಷೆ ಫೋಟೋಕ್ಕೆ ಹಾಗಂತಾರೆ ಅಂತ ಗೊತ್ತು. ಆದರೆ ಮೊನ್ನೆ ಒಬ್ಬ ಹುಡುಗಿ ಎದ್ದು ನಿಂತು, ‘ಸರ್, ಇದು ಗ್ರೀಕ್ ಶಬ್ದವಂತೆ, ಅನುಕರಣೆ ಅಂತ ಅರ್ಥವಂತೆ, ಯಾರೋ ವಿಜ್ಞಾನಿ ಮಾಡಿದ್ದಂತೆ, ಹೌದಾ?’ ಅಂದಳು. ವಿಜ್ಞಾನಿಗೂ ಫೋನಿನ ಜೋಕಿಗೂ ಏನು ಸಂಬಂಧ? ಮಕ್ಕಳಿಗೆ ತಿಳಿಯುವ ಹಾಗೆ ವಿವರವಾಗಿ ಹೇಳುತ್ತೀರಾ? ಪರೀಕ್ಷೆಯ ಪ್ರಬಂಧದಲ್ಲಿ ಈ ಶಬ್ದ ಬಳಸಬಹುದಾ?

ಉತ್ತರ: ಗುರುಗಳೇ, ನಿಮ್ಮ ವಿದ್ಯಾರ್ಥಿನಿ ಹೇಳಿದ್ದು ಹೆಚ್ಚುಕಡಿಮೆ ಸರಿ. ಶಬ್ದದ ಬೇರು ಗ್ರೀಕ್. ಆದರೆ ಶಬ್ದ ಹುಟ್ಟಿದ್ದು ಇಂಗ್ಲಿಷಿನಲ್ಲಿ, ಅದೂ 1976ರಲ್ಲಿ. ಹುಟ್ಟಿದ ವರ್ಷ, ಹುಟ್ಟಿಸಿದವರ ಹೆಸರು, ಹುಟ್ಟಿದ ಪುಸ್ತಕ ಮೂರೂ ಖಚಿತವಾಗಿ ಗೊತ್ತಿರುವ ಶಬ್ದಗಳು ತೀರಾ ಕಡಿಮೆ. ಇದು ಅಂಥ ಶಬ್ದ. ಉಚ್ಚಾರದ ಜಗಳವನ್ನೂ ಇಲ್ಲೇ ಮುಗಿಸಿಬಿಡೋಣ. ಅದು ‘ಮೀಮ್’. ಮೇಮೆಯೂ ಅಲ್ಲ, ಮೆಮ್ ಕೂಡ ಅಲ್ಲ. ‘ಕ್ರೀಮ್’ ಜೊತೆ ಪ್ರಾಸ ಕೂಡುವ ಹಾಗೆ ಅನ್ನಬೇಕು ಅಂತ ಶಬ್ದ ಮಾಡಿದವರೇ ಬರೆದಿಟ್ಟಿದ್ದಾರೆ.

ಅವರು ರಿಚರ್ಡ್ ಡಾಕಿನ್ಸ್. 1941ರಲ್ಲಿ ನೈರೋಬಿಯಲ್ಲಿ ಹುಟ್ಟಿದವರು. ಆಕ್ಸ್‌ಫರ್ಡ್‌ನಲ್ಲಿ ಪ್ರಾಣಿಗಳ ನಡವಳಿಕೆಯ ಬಗ್ಗೆ ಓದಿ ಅಲ್ಲೇ ಪಾಠ ಹೇಳಿದವರು. 1973ರಲ್ಲಿ ನೊಬೆಲ್ ಪಡೆದ ನಿಕೊ ಟಿನ್‌ಬರ್ಗನ್ ಇವರ ಗುರು. 1976ರಲ್ಲಿ ಡಾಕಿನ್ಸ್ ‘ದಿ ಸೆಲ್ಫಿಶ್ ಜೀನ್’ ಅನ್ನೋ ಪುಸ್ತಕ ಬರೆದರು. ಪುಸ್ತಕದ ಬಹುಭಾಗ ಜೀನ್‌ಗಳ ಬಗ್ಗೆ, ಅಂದರೆ ತಂದೆತಾಯಿಯ ಗುಣಗಳನ್ನು ಮಕ್ಕಳಿಗೆ ದಾಟಿಸುವ ತುಣುಕುಗಳ ಬಗ್ಗೆ. ಜೀವಿಗಳು ಸಾಯುತ್ತವೆ, ಆದರೆ ಜೀನ್‌ಗಳು ತಮ್ಮ ನಕಲನ್ನು ಮುಂದಿನ ತಲೆಮಾರಿಗೆ ದಾಟಿಸುತ್ತಾ ಹೋಗುತ್ತವೆ. ಚೆನ್ನಾಗಿ ನಕಲಾಗುವ ಜೀನ್ ಉಳಿಯುತ್ತದೆ, ಆಗದ್ದು ಅಳಿಯುತ್ತದೆ. ಪುಸ್ತಕದ ವಾದದ ತಿರುಳು ಇಷ್ಟು.

ಹನ್ನೊಂದನೆಯ ಅಧ್ಯಾಯಕ್ಕೆ ಬಂದಾಗ ಅವರು ಬೇರೆಯದೇ ಪ್ರಶ್ನೆ ಎತ್ತುತ್ತಾರೆ. ಆಗ ಅದೇ ಪುಸ್ತಕದ ಕೊನೆಯ ಅಧ್ಯಾಯ. 1989ರ ಎರಡನೇ ಆವೃತ್ತಿಯಲ್ಲಿ ಇನ್ನೆರಡು ಸೇರಿದವು. ಪ್ರಶ್ನೆ ಇದು: ನಕಲಾಗುತ್ತಾ ಹೋಗುವ ಗುಣ ಜೀನಿಗೆ ಮಾತ್ರ ಇದೆಯಾ? ಮನುಷ್ಯರ ನಡುವೆ ಇನ್ನೊಂದು ಬಗೆಯ ನಕಲು ನಡೆಯುತ್ತಲೇ ಇದೆ ಅಲ್ವಾ? ಒಬ್ಬ ಗುನುಗಿದ ಧಾಟಿ ಇನ್ನೊಬ್ಬನ ಬಾಯಿಗೆ ಬರುತ್ತದೆ. ಒಬ್ಬಳು ಉಟ್ಟ ರೀತಿಯನ್ನು ಓಣಿಯೇ ಉಡುತ್ತದೆ. ಮಣ್ಣಿನ ಮಡಕೆ ಮಾಡುವ ಬಗೆ, ಕಮಾನು ಕಟ್ಟುವ ಬಗೆ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ದಾಟುತ್ತದೆ. ಈ ಮಡಕೆ, ಕಮಾನು, ಧಾಟಿ, ಉಡುಗೆ ಎಲ್ಲ ಡಾಕಿನ್ಸ್ ಅವರೇ ಕೊಟ್ಟ ಉದಾಹರಣೆಗಳು. ಹೀಗೆ ಅನುಕರಣೆಯಿಂದ ದಾಟುವ ಒಂದೊಂದು ತುಣುಕಿಗೂ ಒಂದು ಹೆಸರು ಬೇಕಿತ್ತು.

ಗ್ರೀಕಿನಲ್ಲಿ ‘ಮಿಮೇಮ’ ಅಂದರೆ ಅನುಕರಿಸಿದ್ದು, ಒಂದನ್ನು ನೋಡಿ ಅದರಂತೆ ಮಾಡಿದ್ದು. ಡಾಕಿನ್ಸ್ ಅದೇ ಬೇರಿನಿಂದ ಮೊದಲು ‘ಮಿಮೀಮ್’ ಅಂತ ಮಾಡಿಕೊಂಡರು. ಆದರೆ ಅವರಿಗೆ ‘ಜೀನ್’ ಥರ ಒಂದೇ ಉಸಿರಿನಲ್ಲಿ ಹೇಳುವ ಶಬ್ದ ಬೇಕಿತ್ತು. ಜೀನ್ ಕೂಡ ಹಳೇ ಶಬ್ದವೇನಲ್ಲ. ಡೆನ್ಮಾರ್ಕಿನ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಯೊಹಾನ್ಸನ್ 1909ರಲ್ಲಿ ಅದನ್ನು ಚಾಲ್ತಿಗೆ ತಂದರು. ಅದಕ್ಕೆ ಜೋಡಿಯಾಗಲಿ ಅಂತ ಡಾಕಿನ್ಸ್ ಮಿಮೀಮ್‌ನ ತಲೆ ಕತ್ತರಿಸಿ ‘ಮೀಮ್’ ಮಾತ್ರ ಉಳಿಸಿಕೊಂಡರು. ಗ್ರೀಕ್ ಬಲ್ಲ ಸ್ನೇಹಿತರು ಕ್ಷಮಿಸಲಿ ಅಂತ ಅಲ್ಲೇ ಬರೆದಿದ್ದಾರೆ. ಬೇಕಾದರೆ ಇದನ್ನು ‘ಮೆಮೊರಿ’ ಅನ್ನೋ ಶಬ್ದದ ಜೊತೆಗೋ, ‘ಅದೇ’ ಅನ್ನುವ ಅರ್ಥದ ಫ್ರೆಂಚ್ ಶಬ್ದ ‘ಮೆಮ್’ ಜೊತೆಗೋ ಜೋಡಿಸಿ ನೆನಪಿಟ್ಟುಕೊಳ್ಳಿ ಅಂತಲೂ ಸೂಚಿಸಿದ್ದಾರೆ. ಅದು ನೆನಪಿಗೆ ಅನುಕೂಲ ಅಷ್ಟೆ. ಬೇರು ಮಾತ್ರ ಅನುಕರಣೆಯದ್ದೇ.

ಇಂಗ್ಲಿಷ್ ಕಲಿಸುವವರಿಗೆ ಈ ಬೇರಿನಲ್ಲಿ ಒಳ್ಳೇ ಪಾಠ ಸಿಗುತ್ತದೆ. ಗ್ರೀಕಿನ ‘ಮೀಮೊಸ್’ ಅಂದರೆ ವೇಷ ಕಟ್ಟಿ, ಮತ್ತೊಬ್ಬರಂತೆ ನಟಿಸುವ ಆಟಗಾರ. ಅದರಿಂದ ‘ಮೈಮ್’ ಬಂತು, ಮಾತಿಲ್ಲದ ನಟನೆ. ‘ಪ್ಯಾಂಟೊಮೈಮ್’ ಬಂತು. ‘ಪ್ಯಾಂಟೊ’ ಅಂದರೆ ಎಲ್ಲ, ಎಲ್ಲವನ್ನೂ ನಟಿಸಿ ತೋರಿಸುವವನು ಅಂತ ಮೂಲದ ಅರ್ಥ. ಊರಿನ ಗ್ಯಾದರಿಂಗ್‌ನಲ್ಲಿ ಹುಡುಗರು ನಾಯಕ ನಟರ ದನಿ ತೆಗೆದು ಮಾಡುವ ‘ಮಿಮಿಕ್ರಿ’ ಕೂಡ ಇದೇ ಮನೆಯದ್ದು. ನಮ್ಮ ಕಡೆ ಮುಟ್ಟಿದರೆ ಮುನಿ ಅನ್ನುವ ಗಿಡದ ಶಾಸ್ತ್ರೀಯ ಹೆಸರು ‘ಮಿಮೋಸ ಪುಡಿಕಾ’. ಮುಟ್ಟಿದರೆ ಪ್ರಾಣಿಯಂತೆ ಮುದುರಿಕೊಳ್ಳುತ್ತದೆ, ಜೀವ ಇದ್ದವರ ಹಾಗೆ ನಟಿಸುತ್ತದೆ ಅಂತ ಆ ಹೆಸರು. ಹಳೇ ಮಾಸ್ತರರಿಗೆ ಸೈಕ್ಲೋಸ್ಟೈಲ್ ನೆನಪಿರುತ್ತದೆ. ಮೇಣದ ಹಾಳೆಯ ಮೇಲೆ ಪ್ರಶ್ನೆ ಪತ್ರಿಕೆ ಕೊರೆದು, ಮಸಿ ಹಚ್ಚಿ, ಒಂದೊಂದೇ ಪ್ರತಿ ತೆಗೆಯುತ್ತಿದ್ದ ಯಂತ್ರ. ಅದೇ ಬಗೆಯ ಯಂತ್ರಕ್ಕೆ ಅಮೆರಿಕದಲ್ಲಿ ‘ಮಿಮಿಯೋಗ್ರಾಫ್’ ಅಂತ ಹೆಸರು. ಎಡಿಸನ್ ಅವರ ಪೇಟೆಂಟ್ ಪಡೆದು ಎ. ಬಿ. ಡಿಕ್ ಕಂಪನಿ ಅದನ್ನು 1887ರಲ್ಲಿ ಮಾರಾಟಕ್ಕೆ ತಂದಿತು. ಅನುಕರಿಸಿ ಬರೆಯುವುದು ಅಂತ ಅರ್ಥ.

ಒಂದು ಎಚ್ಚರಿಕೆ. ‘ಇಮಿಟೇಟ್’ ಮತ್ತು ‘ಮಿಮಿಕ್’ ಅರ್ಥದಲ್ಲಿ ಅಕ್ಕತಂಗಿಯರ ಹಾಗೆ ಕಂಡರೂ ತವರು ಬೇರೆ. ಇಮಿಟೇಟ್ ಲ್ಯಾಟಿನ್ನಿನದು, ‘ಇಮೇಜ್’ ಅದರ ಬಳಗ. ‘ಮೆಮೊ’, ‘ಮೆಮೊರಿ’ ಕೂಡ ಲ್ಯಾಟಿನ್ನಿನವೇ, ನೆನಪಿಗೆ ಸೇರಿದವು. ಮಕ್ಕಳು ಇವನ್ನೆಲ್ಲ ಒಂದೇ ಗಂಟಿಗೆ ಕಟ್ಟದಂತೆ ನೋಡಿಕೊಳ್ಳಿ.

ಈಗ ಅರ್ಥಕ್ಕೆ ಬರೋಣ. ಮಿಮಿಕ್ರಿಗೂ ಮೀಮಿಗೂ ಇರುವ ವ್ಯತ್ಯಾಸ ತಿಳಿದರೆ ಡಾಕಿನ್ಸ್ ಹೇಳಿದ್ದು ಪೂರ್ತಿ ತಿಳಿದ ಹಾಗೆ. ಇಂಡಿ ಕಡೆಯ ಲಿಂಬೆ ತೋಟಗಳಲ್ಲಿ ಎಲೆ ತಿನ್ನುವ ಒಂದು ಹುಳ ಇದೆ. ಅದು ಬೆಳೆದು ಕಾಮನ್ ಮಾರ್ಮನ್ ಅನ್ನುವ ಕಪ್ಪು ಚಿಟ್ಟೆ ಆಗುತ್ತದೆ. ಇದರ ಹೆಣ್ಣುಗಳಲ್ಲಿ ಕೆಲವು ಗಂಡಿನ ಹಾಗೆ ಕಾಣುವುದೇ ಇಲ್ಲ. ಹಿಂದಿನ ರೆಕ್ಕೆಯಲ್ಲಿ ಬಿಳಿ ಮಚ್ಚೆ, ಕೆಂಪು ಚುಕ್ಕೆ ಹೊತ್ತು, ಕಾಮನ್ ರೋಸ್ ಅನ್ನುವ ಬೇರೆಯೇ ಚಿಟ್ಟೆಯ ರೂಪ ತಾಳುತ್ತವೆ. ಆ ರೋಸ್ ಚಿಟ್ಟೆಯ ಮೈಯಲ್ಲಿ ವಿಷ ಇರುವುದರಿಂದ ಹಕ್ಕಿಗಳು ಅದನ್ನು ಮುಟ್ಟುವುದಿಲ್ಲ. ಅದರ ವೇಷದಲ್ಲಿರುವ ಮಾರ್ಮನ್ನೂ ಬಚಾವ್. ಹೆನ್ರಿ ಬೇಟ್ಸ್ ಅನ್ನುವ ಇಂಗ್ಲಿಷ್ ನಿಸರ್ಗ ವಿಜ್ಞಾನಿ ಅಮೆಜಾನ್ ಕಾಡಿನ ಚಿಟ್ಟೆಗಳಲ್ಲಿ ಇದನ್ನು ಕಂಡು 1862ರಲ್ಲಿ ವಿವರಿಸಿದರು. ಜೀವಶಾಸ್ತ್ರದಲ್ಲಿ ಇದಕ್ಕೂ ಮಿಮಿಕ್ರಿ ಅಂತಲೇ ಹೆಸರು. ಆದರೆ ಇಲ್ಲಿ ಯಾವ ಚಿಟ್ಟೆಯೂ ಇನ್ನೊಂದನ್ನು ನೋಡಿ ಕಲಿತಿಲ್ಲ. ರೆಕ್ಕೆಯ ಬಣ್ಣ ತಂದೆತಾಯಿಯ ಜೀನಿನಿಂದ ಬಂದದ್ದು. ತಲೆಗೆ ಇಲ್ಲಿ ಕೆಲಸವೇ ಇಲ್ಲ.

ಮೀಮಿಗೆ ತಲೆ ಬೇಕು. ನೋಡುವ ಕಣ್ಣು, ಹಿಡಿದಿಡುವ ನೆನಪು, ಮತ್ತೆ ಮಾಡುವ ಕೈ ಅಥವಾ ಬಾಯಿ ಬೇಕು. ಅದು ರಕ್ತದಲ್ಲಿ ಬರುವುದಿಲ್ಲ. ಹಾಗಾಗಿ ತಂದೆಯಿಂದ ಮಗನಿಗೆ ಮಾತ್ರ ಅಲ್ಲ, ಮಗನಿಂದ ತಂದೆಗೂ ಹೋಗುತ್ತದೆ. ಊರು ದಾಟುತ್ತದೆ, ಭಾಷೆ ದಾಟುತ್ತದೆ, ಹಗೆತನವನ್ನೂ ದಾಟುತ್ತದೆ.

ಹಗೆತನ ದಾಟಿದ್ದಕ್ಕೆ ನಿಮ್ಮ ಜಿಲ್ಲೆಯಲ್ಲೇ ಕಲ್ಲಿನ ಸಾಕ್ಷಿ ಇದೆ. ಮಕ್ಕಳನ್ನು ಪಟ್ಟದಕಲ್ಲಿಗೆ ಟ್ರಿಪ್ ಕರೆದುಕೊಂಡು ಹೋದಾಗ ಈ ಕತೆ ಹೇಳಿ. ಬಾದಾಮಿಯ ಚಾಲುಕ್ಯರಿಗೂ ಕಂಚಿಯ ಪಲ್ಲವರಿಗೂ ತಲೆಮಾರುಗಳ ಜಗಳ. ಚಾಲುಕ್ಯ ದೊರೆ ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಗೆದ್ದವನು ಊರು ಸುಡಲಿಲ್ಲ. ಅಲ್ಲಿಯ ಕೈಲಾಸನಾಥ ಗುಡಿಯ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟು, ಅದನ್ನು ಅದೇ ಗುಡಿಯ ಕಂಬದ ಮೇಲೆ ಕನ್ನಡದಲ್ಲಿ ಕೆತ್ತಿಸಿದ. ಆ ಗೆಲುವಿನ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಒಂದು ಗುಡಿ ಕಟ್ಟಿಸಿದಳು. ಸುಮಾರು 740ರ ಹೊತ್ತಿಗೆ. ಆಗ ಅದಕ್ಕೆ ಲೋಕೇಶ್ವರ ಅಂತ ಹೆಸರು. ಈಗ ನಾವು ವಿರೂಪಾಕ್ಷ ಗುಡಿ ಅನ್ನುತ್ತೇವೆ. ಅದರ ಮಾದರಿ ಯಾವುದು? ಸೋತ ಕಂಚಿಯ ಕೈಲಾಸನಾಥ!

ಯುದ್ಧದಲ್ಲಿ ಸೋತವರ ಗುಡಿಯ ವಿನ್ಯಾಸ ಗೆದ್ದವರ ನೆಲದಲ್ಲಿ ಎದ್ದು ನಿಂತಿತು. ಒಂದು ಕಲ್ಲೂ ಕಂಚಿಯಿಂದ ಬರಬೇಕಾಗಿರಲಿಲ್ಲ. ಕಟ್ಟುವ ಬಗೆ ಬಂದರೆ ಸಾಕು. ಗುಡಿಯಲ್ಲೇ ಇರುವ ಶಾಸನಗಳು ಶಿಲ್ಪಿಗಳನ್ನು ಹೆಸರಿಸುತ್ತವೆ. ಗುಂಡ ಅನಿವಾರಿತಾಚಾರಿ ಒಬ್ಬ. ಸರ್ವಸಿದ್ಧಿ ಆಚಾರಿ ಇನ್ನೊಬ್ಬ, ಅವನನ್ನು ‘ತೆಂಕಣ ದಿಶೆಯ ಸೂತ್ರಧಾರಿ’ ಅಂತ ಕರೆದಿದೆ. ಆಮೇಲೆ ಇದೇ ಗುಡಿಯನ್ನು ನೋಡಿ ಇನ್ನೊಂದು ಬಂತು. ವಿರೂಪಾಕ್ಷದ ಪಕ್ಕದಲ್ಲೇ ಮಲ್ಲಿಕಾರ್ಜುನ ಗುಡಿ ಇದೆಯಲ್ಲ, ಅದನ್ನು ಕಟ್ಟಿಸಿದವಳು ಲೋಕಮಹಾದೇವಿಯ ತಂಗಿ, ಅದೇ ದೊರೆಯ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ. ಅಕ್ಕನ ಗುಡಿಯ ಹಾಗೇ, ಸ್ವಲ್ಪ ಸಣ್ಣದು. ಎರಡರ ನಡುವೆ ನಿಂತು ತಲೆ ಎತ್ತಿ ನೋಡಲು ಮಕ್ಕಳಿಗೆ ಹೇಳಿ. ವಿರೂಪಾಕ್ಷದ ಶಿಖರದ ತುದಿ ಚೌಕ, ಮಲ್ಲಿಕಾರ್ಜುನದ್ದು ಗುಂಡಗೆ. ನಕಲು ಮಾಡುವಾಗ ಒಂದು ಕಡೆ ಬದಲಾಯಿತು. ಮುಂದೆ ರಾಷ್ಟ್ರಕೂಟ ಒಂದನೇ ಕೃಷ್ಣನ ಕಾಲದಲ್ಲಿ ಎಲ್ಲೋರದಲ್ಲಿ ಇಡೀ ಬೆಟ್ಟವನ್ನೇ ಮೇಲಿಂದ ಕೆಳಗೆ ಕಡಿದು ಕೈಲಾಸ ಮಾಡಿದರಲ್ಲ, ಅದು ವಿರೂಪಾಕ್ಷದ ಜಾಡಿನಲ್ಲೇ ಬಂದದ್ದು ಅನ್ನುತ್ತಾರೆ ಕಲೆಯ ಇತಿಹಾಸ ಬಲ್ಲವರು. ಕಂಚಿ, ಪಟ್ಟದಕಲ್ಲು, ಎಲ್ಲೋರ. ಮೂರು ಅರಸು ಮನೆತನ, ಒಂದೇ ನಕಲಿನ ಸರಪಳಿ. ಡಾಕಿನ್ಸ್ ಮೀಮ್ ಅಂದದ್ದು ಇದನ್ನು. ಗುಡಿ ಅಲ್ಲ, ಗುಡಿಯಿಂದ ಗುಡಿಗೆ ದಾಟಿದ ಆ ‘ಬಗೆ’.

ಮೀಮ್ ಬಾಳಬೇಕಾದರೆ ಮೂರು ಗುಣ ಬೇಕು ಅಂತ ಡಾಕಿನ್ಸ್ ಹೇಳುತ್ತಾರೆ. ಬಾಳಿಕೆ ಇರಬೇಕು, ಬೇಗ ಬೇಗ ನಕಲಾಗಬೇಕು, ನಕಲು ಮೂಲದಂತೆ ನಿಖರವಾಗಿರಬೇಕು. ಇದರಲ್ಲಿ ಮೊದಲಿನ ಎರಡು ಸುಲಭವಾಗಿ ಅರ್ಥವಾಗುತ್ತವೆ. ತಕರಾರು ಬಂದಿದ್ದು ಮೂರನೆಯದಕ್ಕೆ. ಜೀನ್ ನಕಲಾಗುವಾಗ ತಪ್ಪು ತೀರಾ ಅಪರೂಪ. ಮನುಷ್ಯರ ಮಾತು ಹಾಗಾ? ಸಾಲಾಗಿ ಕೂತು ಒಬ್ಬರ ಕಿವಿಯಲ್ಲಿ ಒಬ್ಬರು ಪಿಸುಗುಡುವ ಆಟ ಆಡಿಸಿ ನೋಡಿ. ಮೊದಲ ಹುಡುಗ ‘ನಾಳೆ ಬಾಗಲಕೋಟೆಗೆ ಬಸ್ಸಿಲ್ಲ’ ಅಂದಿದ್ದು ಕೊನೆಯ ಹುಡುಗನ ಹತ್ತಿರ ಏನಾಗಿರುತ್ತದೋ. ಹೀಗೆ ಕೆಡುತ್ತಾ ಹೋಗುವುದನ್ನು ಜೀನಿಗೆ ಹೋಲಿಸುವುದು ಹೇಗೆ ಅಂತ ಅನೇಕರು ಕೇಳಿದರು.

ಡಾಕಿನ್ಸ್ ಇದಕ್ಕೆ ಉತ್ತರ ಕೊಟ್ಟಿದ್ದು 1999ರಲ್ಲಿ, ಸೂಸನ್ ಬ್ಲ್ಯಾಕ್‌ಮೋರ್ ಅವರ ‘ದಿ ಮೀಮ್ ಮಷೀನ್’ ಪುಸ್ತಕದ ಮುನ್ನುಡಿಯಲ್ಲಿ. ನನಗೆ ಅವರ ಇಡೀ ವಾದದಲ್ಲಿ ಜಾಸ್ತಿ ಹಿಡಿಸಿದ್ದು ಇದೇ. ಚೀನಾದ ಒಂದು ಹಡಗಿನ ಚಿತ್ರ ಬರೆದು ಒಂದು ಮಗುವಿಗೆ ತೋರಿಸಿ, ಅದನ್ನು ನೋಡಿ ಬರೆಯಲು ಹೇಳಿ. ಅದು ಬರೆದದ್ದನ್ನು ನೋಡಿ ಮುಂದಿನ ಮಗು ಬರೆಯಲಿ. ಇಪ್ಪತ್ತನೇ ಮಗುವಿನ ಹೊತ್ತಿಗೆ ಹಡಗು ಹಡಗಾಗಿ ಉಳಿದಿರುವುದಿಲ್ಲ. ಅದೇ ಹಡಗನ್ನು ಕಾಗದ ಮಡಿಸಿ ಮಾಡುವುದನ್ನು ಒಂದು ಮಗುವಿಗೆ ಕಲಿಸಿ, ಅದು ಮುಂದಿನದಕ್ಕೆ ಕಲಿಸಲಿ. ಇಪ್ಪತ್ತನೇ ಮಗುವಿನ ಕೈಯಲ್ಲೂ ಹಡಗು ಹಡಗೇ. ಯಾಕೆ? ಮೊದಲನೆಯದರಲ್ಲಿ ನಕಲಾಗುವುದು ಗೆರೆ, ಗೆರೆಯ ಸೊಟ್ಟವೂ ಸೇರಿ. ಎರಡನೆಯದರಲ್ಲಿ ನಕಲಾಗುವುದು ಸೂಚನೆ. ‘ನಾಲ್ಕೂ ಮೂಲೆ ನಡುವಿಗೆ ಮಡಿಸು’ ಅಂತ. ನನ್ನ ಮಡಿಕೆ ಕೊಂಚ ಸೊಟ್ಟಗಿದ್ದರೂ, ನೋಡಿದವನಿಗೆ ನಾನು ಮೂಲೆಯನ್ನು ನಡುವಿಗೆ ತಂದೆ ಅಂತ ಗೊತ್ತಾಗುತ್ತದೆ. ಅವನು ಸರಿಯಾಗಿಯೇ ಮಡಿಸುತ್ತಾನೆ. ಸೊಟ್ಟ ನನ್ನಲ್ಲೇ ನಿಲ್ಲುತ್ತದೆ, ಮುಂದೆ ಹೋಗುವುದಿಲ್ಲ. ಈ ಮಡಿಕೆಯನ್ನು ಡಾಕಿನ್ಸ್ ತಮ್ಮ ತಂದೆಯಿಂದ ಕಲಿತಿದ್ದರು. ತಂದೆ ಕಲಿತಿದ್ದು ತಾವು ಓದಿದ ಶಾಲೆಯಲ್ಲಿ. ಮುಂದೆ ಅದೇ ಶಾಲೆಗೆ ಸೇರಿದ ಮಗ ಅದನ್ನು ಮತ್ತೆ ಹಬ್ಬಿಸಿದ.

ನಮ್ಮ ಕಡೆ ಇದಕ್ಕೆ ಕಾಗದದ ಹಡಗು ಬೇಕಾಗಿಲ್ಲ, ಕಸೂತಿ ಇದೆ. ಇಳಕಲ್ ಸೀರೆಯ ಮೇಲೆ, ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ತೇರು, ಗೋಪುರ, ಆನೆ, ನವಿಲು, ತುಳಸಿಕಟ್ಟೆ ಹಾಕುತ್ತಾರಲ್ಲ, ಆ ಕಸೂತಿ. ಒಂದು ತೇರನ್ನು ಹತ್ತಿರದಿಂದ ನೋಡಿ. ಸಂಪ್ರದಾಯದ ಕಸೂತಿಯಲ್ಲಿ ಬಟ್ಟೆಯ ಮೇಲೆ ಪೆನ್ಸಿಲಿನ ಗೆರೆ ಹಾಕುವುದಿಲ್ಲ, ಅಚ್ಚು ಒತ್ತುವುದಿಲ್ಲ. ಎಳೆ ಎಣಿಸಿ ಸೂಜಿ ಚುಚ್ಚುತ್ತಾರೆ. ಗಂವಟಿ ಹೊಲಿಗೆಯಲ್ಲಿ ಸೂಜಿ ಒಂದು ಸಾರಿ ನಡುನಡುವೆ ಜಾಗ ಬಿಟ್ಟು ಮುಂದೆ ಹೋಗುತ್ತದೆ, ಬಿಟ್ಟ ಜಾಗ ತುಂಬುತ್ತಾ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಗಂಟು ಹಾಕುವಂತಿಲ್ಲ. ಬಟ್ಟೆ ತಿರುವಿದರೆ ಹಿಂದೆಯೂ ಅದೇ ತೇರು. ಮುರಗಿ ಹೊಲಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೇಯ್ಗೆ, ಮೆಂತೆ ಅಂತ ಇನ್ನೆರಡು ಹೊಲಿಗೆ.

ಈಗ ಯೋಚಿಸಿ. ಹೊಸದಾಗಿ ಕಲಿಯುವ ಹುಡುಗಿ ಅಜ್ಜಿಯ ಸೀರೆಯ ತೇರನ್ನು ನೋಡಿ ಹಾಕುತ್ತಾಳೆ. ಗಾಲಿಯ ಹತ್ತಿರ ದಾರ ಸ್ವಲ್ಪ ಬಿಗಿಯಾಗಿ ಜಗ್ಗಿಬಿಟ್ಟಿದೆ, ತೇರು ಸೊಟ್ಟಗೆ ಕಾಣುತ್ತದೆ. ಅವಳದನ್ನು ನೋಡಿ ಅವಳ ಗೆಳತಿ ಹಾಕುತ್ತಾಳೆ. ಗೆಳತಿ ಆ ಸೊಟ್ಟವನ್ನು ಎತ್ತಿಕೊಳ್ಳುವುದಿಲ್ಲ. ಅವಳು ಎಣಿಸುವುದು ಎಳೆಯನ್ನು. ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಬಲಕ್ಕೆ. ಲೆಕ್ಕ ಸರಿ ಇದ್ದರೆ ಅವಳ ತೇರು ಮತ್ತೆ ನೆಟ್ಟಗಾಗುತ್ತದೆ. ಕೈಯ ತಪ್ಪು ದಾಟುವುದಿಲ್ಲ. ಆದರೆ ನಾಲ್ಕರ ಬದಲು ಐದು ಎಳೆ ಎಣಿಸಿದರೆ? ಆ ತಪ್ಪು ದಾಟುತ್ತದೆ. ನೋಡಿದವಳಿಗೆ ಅದು ತಪ್ಪು ಅಂತ ಗೊತ್ತಾಗುವುದೇ ಇಲ್ಲ, ಹೊಸ ತೇರು ಹುಟ್ಟಿಬಿಡುತ್ತದೆ. ಡಾಕಿನ್ಸ್ ವಾದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಜೀನಿನಲ್ಲೂ ನಡೆಯುವುದು ಹೀಗೇ, ಅಕ್ಷರ ಎಣಿಸಿದಂತೆ ನಕಲು, ಅಪರೂಪಕ್ಕೊಮ್ಮೆ ಎಣಿಕೆಯ ತಪ್ಪು. ಕಸೂತಿ ಹಾಕುವ ನಮ್ಮ ಹೆಣ್ಣುಮಕ್ಕಳು ಶತಮಾನಗಳಿಂದ ಎಳೆ ಎಣಿಸಿ ಕಾಪಾಡಿಕೊಂಡು ಬಂದ ನಿಖರತೆಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ ಅನ್ನೋದು ನನ್ನ ಬಹುದಿನದ ಕೊರಗು. ಗಣಿತದ ಪುಸ್ತಕದಲ್ಲೂ ಅದು ಇರಬೇಕಿತ್ತು.

ಪ್ರಾಣಿಗಳಲ್ಲಿ ಮೀಮ್ ಇದೆಯಾ ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಜಪಾನಿನ ಕೋಶಿಮಾ ದ್ವೀಪದಲ್ಲಿ 1953ರಲ್ಲಿ ಒಂದು ಮರಿ ಕೋತಿ ಗೆಣಸಿಗೆ ಮೆತ್ತಿದ ಮರಳನ್ನು ನೀರಿನಲ್ಲಿ ತೊಳೆದು ತಿನ್ನಲು ಶುರುಮಾಡಿತು. ಸಂಶೋಧಕರು ಅದಕ್ಕೆ ಇಮೊ ಅಂತ ಹೆಸರಿಟ್ಟಿದ್ದರು. ಕ್ರಮೇಣ ಗುಂಪಿನ ಬೇರೆ ಕೋತಿಗಳೂ ತೊಳೆಯತೊಡಗಿದವು. ಡಾಕಿನ್ಸ್ ತಮ್ಮ ಅಧ್ಯಾಯದಲ್ಲಿ ನ್ಯೂಜಿಲೆಂಡಿನ ದ್ವೀಪಗಳ ಒಂದು ಹಕ್ಕಿಯ ಹಾಡನ್ನು ಎತ್ತಿಕೊಳ್ಳುತ್ತಾರೆ. ಅಲ್ಲಿ ಮರಿಗಳು ಅಕ್ಕಪಕ್ಕದ ಹಕ್ಕಿಗಳ ಹಾಡು ಕೇಳಿ ಕಲಿಯುತ್ತವೆ, ಕಲಿಯುವಾಗ ತಪ್ಪಿದರೆ ಹೊಸ ಹಾಡು ಹುಟ್ಟುತ್ತದೆ. ಆದರೆ ನೋಡಿದ್ದನ್ನೆಲ್ಲ ಎತ್ತಿಕೊಳ್ಳುವ ಚಟದಲ್ಲಿ ಮನುಷ್ಯನ ಮುಂದೆ ಯಾವ ಪ್ರಾಣಿಯೂ ಇಲ್ಲ. ‘ನೋಡಿ ಕಲಿ, ಮಾಡಿ ತಿಳಿ’ ಅಂತ ಗಾದೆ ಮಾಡಿಕೊಂಡವರು ನಾವು.

ಇನ್ನು ಫೋನಿನ ಜೋಕಿಗೆ ಈ ಹೆಸರು ಅಂಟಿದ್ದು ಹೇಗೆ? ಅಮೆರಿಕದ ವಕೀಲ ಮೈಕ್ ಗಾಡ್ವಿನ್ 1994ರಲ್ಲಿ ‘ವೈರ್ಡ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಆಗಿನ ಇಂಟರ್ನೆಟ್ ಚರ್ಚೆಗಳಲ್ಲಿ ಜನ ಮಾತುಮಾತಿಗೂ ಎದುರಾಳಿಯನ್ನು ಹಿಟ್ಲರನಿಗೆ ಹೋಲಿಸುತ್ತಿದ್ದರು. ಒಬ್ಬರಿಂದ ಒಬ್ಬರಿಗೆ ಹರಡುವ ಈ ಅಭ್ಯಾಸವನ್ನು ಗಾಡ್ವಿನ್ ಮೀಮ್ ಅಂದರು. ಇಂಟರ್ನೆಟ್ಟಿಗೆ ಶಬ್ದ ಕಾಲಿಟ್ಟಿದ್ದು ಹೀಗೆ. ಆಮೇಲೆ ವಿಡಿಯೋ ಬಂತು, ಫೋಟೋದ ಮೇಲೆ ಸಾಲು ಬರೆದು ಹಂಚುವುದು ಬಂತು. ಶಬ್ದ ಜಾರುತ್ತಾ ಬಂದು ಫೋಟೋದ ಮೇಲೆ ಕೂತಿತು.

ಹಾಗಾದರೆ ಹುಡುಗರು ತಪ್ಪಾಗಿ ಬಳಸುತ್ತಿದ್ದಾರಾ? ಇಲ್ಲ. ಅವರು ಮಾಡುವುದನ್ನು ಗಮನಿಸಿ ನೋಡಿ. ಒಂದು ಸಿನಿಮಾದ ದೃಶ್ಯ. ಚಿತ್ರ ಅದೇ ಇರುತ್ತದೆ, ಮೇಲಿನ ಸಾಲು ಮಾತ್ರ ಬದಲಾಗುತ್ತದೆ. ಒಬ್ಬ ಪರೀಕ್ಷೆಯ ಬಗ್ಗೆ ಬರೆಯುತ್ತಾನೆ, ಒಬ್ಬಳು ಬಸ್ ಪಾಸಿನ ಬಗ್ಗೆ, ಇನ್ನೊಬ್ಬ ಕಬ್ಬಿನ ಬಿಲ್ಲಿನ ಬಗ್ಗೆ. ಚೌಕಟ್ಟು ಒಂದೇ, ತುಂಬುವ ಮಾಲು ಬೇರೆ. ಅದನ್ನು ಅವರು ‘ಟೆಂಪ್ಲೇಟ್’ ಅಂತಾರೆ.

ಈ ರೂಢಿ ಕನ್ನಡಕ್ಕೆ ಹೊಸದಲ್ಲ. ಬಾದಾಮಿಯ ಕೆರೆಯ ಪಕ್ಕದ ಬಂಡೆಯಲ್ಲಿ ಸುಮಾರು 700ರ ಕಾಲದ ಕಪ್ಪೆ ಅರಭಟ್ಟನ ಶಾಸನ ಇದೆ. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ, ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್, ಮಾಧವನೀತನ್ ಪೆರನಲ್ಲ’. ಒಳ್ಳೆಯವರಿಗೆ ಒಳ್ಳೆಯವನು, ಕಾಡುವವರಿಗೆ ಕಲಿಯುಗದಲ್ಲಿ ಅಸಾಮಾನ್ಯನು, ಇವನು ಸಾಕ್ಷಾತ್ ಮಾಧವ. ಇದು ತ್ರಿಪದಿ, ನಮಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿಗಳಲ್ಲಿ ಒಂದು. ಮೂರು ಸಾಲಿನ ಆ ಚೌಕಟ್ಟು ಅಲ್ಲಿಂದ ಎಷ್ಟು ದೂರ ಬಂತು ನೋಡಿ. ಸರ್ವಜ್ಞ ಅದರಲ್ಲಿ ಜಾತಿಯನ್ನು, ಜಿಪುಣರನ್ನು, ಅನ್ನದ ಬೆಲೆಯನ್ನು ತುಂಬಿದ. ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳು ತವರನ್ನು, ಅಣ್ಣನನ್ನು, ಅತ್ತೆಯ ಕಾಟವನ್ನು ತುಂಬಿದರು. ಯಾರು ಮೊದಲು ಕಟ್ಟಿದರು ಅಂತ ಯಾರೂ ಕೇಳಲಿಲ್ಲ. ಚೌಕಟ್ಟು ಎಲ್ಲರದ್ದು, ತುಂಬಿದ್ದು ಅವರವರದ್ದು. ನಿಮ್ಮ ಹುಡುಗರು ಫೋನಿನಲ್ಲಿ ಮಾಡುವ ಕೆಲಸದ ಸ್ವರೂಪ ಇದೇ. ಗುಣಮಟ್ಟ ಒಂದೇ ಅಂತ ನಾನು ಹೇಳುತ್ತಿಲ್ಲ. ಬೀಸುವ ಪದದ ಒಂದು ಸಾಲಿನಲ್ಲಿರುವ ದುಃಖಕ್ಕೆ ಸಮನಾದದ್ದನ್ನು ನಾನು ಫೋನಿನಲ್ಲಿ ಇನ್ನೂ ನೋಡಿಲ್ಲ. ಆದರೆ ಹರಡುವ ರೀತಿ ಒಂದೇ.

ಡಾಕಿನ್ಸ್ ಅವರಿಗೆ ಮಾತ್ರ ಇಲ್ಲಿ ಒಂದು ತಕರಾರಿದೆ. ತಾವು ಹೇಳಿದ ಮೂಲ ಕಲ್ಪನೆಯನ್ನು ಇಂಟರ್ನೆಟ್ ಕೈವಶ ಮಾಡಿಕೊಂಡಿದೆ ಅಂತ ಅವರು 2013ರಲ್ಲಿ ಹೇಳಿದರು. ಜೀನಿನಲ್ಲಿ ಬದಲಾವಣೆ ತಾನಾಗಿ, ಗುರಿ ಇಲ್ಲದೆ ಆಗುತ್ತದೆ. ಇಂಟರ್ನೆಟ್ಟಿನ ಮೀಮಿನಲ್ಲಿ ಜನ ಬೇಕಂತಲೇ ಬದಲಾಯಿಸುತ್ತಾರೆ. ಅವರ ಮಾತು ಸರಿಯೇ. ಆದರೆ ಮಲ್ಲಿಕಾರ್ಜುನ ಗುಡಿಯ ಶಿಖರ ಗುಂಡಗಾಗಿದ್ದು ಶಿಲ್ಪಿಯ ಕೈತಪ್ಪಿನಿಂದ ಅಲ್ಲ. ಮನುಷ್ಯರ ನಕಲಿನಲ್ಲಿ ಮೊದಲಿನಿಂದಲೂ ಬುದ್ಧಿ ಸೇರಿದೆ. ಇದನ್ನು ಬಿಟ್ಟು ಮೀಮಿನ ಲೆಕ್ಕ ಹಾಕಲು ಹೊರಟಿದ್ದೇ ಆ ಸಿದ್ಧಾಂತದ ಕುಂದು ಅನ್ನೋದು ನನ್ನ ಅಭಿಪ್ರಾಯ.

ಸಿದ್ಧಾಂತದ ಗತಿ ಏನಾಯಿತು ಅಂತಲೂ ಹೇಳಿಬಿಡುತ್ತೇನೆ. ಮೀಮ್‌ಗಳ ಅಧ್ಯಯನಕ್ಕೆ ‘ಮೀಮೆಟಿಕ್ಸ್’ ಅಂತ ಹೆಸರಾಯಿತು. 1997ರಲ್ಲಿ ಅದಕ್ಕಾಗಿಯೇ ಒಂದು ವಿದ್ವತ್ ಪತ್ರಿಕೆ ಹುಟ್ಟಿ, 2005ರಲ್ಲಿ ನಿಂತುಹೋಯಿತು. ಫ್ರಾನ್ಸಿನ ಮಾನವಶಾಸ್ತ್ರಜ್ಞ ಡಾನ್ ಸ್ಪರ್ಬರ್ ಎತ್ತಿದ ಆಕ್ಷೇಪ ಗಟ್ಟಿಯಾದದ್ದು. ಕತೆ ಕೇಳಿದವನು ಅದನ್ನು ನಕಲು ಮಾಡುವುದಿಲ್ಲ, ತನ್ನ ತಲೆಯಲ್ಲಿ ಹೊಸದಾಗಿ ಕಟ್ಟಿಕೊಳ್ಳುತ್ತಾನೆ ಅನ್ನುತ್ತಾರೆ ಅವರು. ಅಜ್ಜಿ ಹೇಳಿದ ಕತೆಯನ್ನು ಮೊಮ್ಮಗಳು ಹೇಳುವಾಗ ಒಂದು ವಾಕ್ಯವೂ ಅದೇ ಇರುವುದಿಲ್ಲ, ಆದರೂ ಕತೆ ಅದೇ. ಇದನ್ನು ನಕಲು ಅನ್ನುವುದು ಕಷ್ಟ. ಕಸೂತಿಗೆ ಹೊಂದುವ ಲೆಕ್ಕ ಕತೆಗೆ ಹೊಂದುವುದಿಲ್ಲ. ಹಾಗಾಗಿ ಮೀಮ್ ವಿಜ್ಞಾನವಾಗಿ ನಿಲ್ಲಲಿಲ್ಲ, ಶಬ್ದವಾಗಿ ಗೆದ್ದಿತು.

ಕೊನೆಗೆ ತರಗತಿಗೆ ಬೇಕಾದ ಕೆಲವು ಮಾತು. ನಮ್ಮ ಕಡೆ ಮೀಮ್ ಮತ್ತು ಟ್ರೋಲ್ ಎರಡನ್ನೂ ಒಂದೇ ಮಾಡಿಬಿಟ್ಟಿದ್ದಾರೆ. ಟ್ರೋಲ್ ಅಂದರೆ ಯಾರನ್ನಾದರೂ ಕೆಣಕುವುದು, ಕಾಡುವುದು. ದೋಣಿಯ ಹಿಂದೆ ಗಾಳದ ದಾರ ಎಳೆದುಕೊಂಡು ಹೋಗಿ ಮೀನು ಹಿಡಿಯುವುದಕ್ಕೆ ಇಂಗ್ಲಿಷಿನಲ್ಲಿ ಟ್ರೋಲಿಂಗ್ ಅಂತಾರೆ, ಇಂಟರ್ನೆಟ್ಟಿನ ಅರ್ಥ ಅಲ್ಲಿಂದ ಬಂತು. ಮೀಮ್ ಹಾಕಿ ಟ್ರೋಲ್ ಮಾಡಬಹುದು, ಆದರೆ ಎಲ್ಲ ಮೀಮ್ ಟ್ರೋಲ್ ಅಲ್ಲ. ಕ್ಲಾಸಿನ ಯಾವುದೋ ಹುಡುಗಿಯ ಫೋಟೋ ಹಾಕಿ ನಗುವುದನ್ನು ‘ಸುಮ್ನೆ ಮೀಮ್ ಸರ್’ ಅಂದರೆ ಒಪ್ಪಬೇಡಿ. ಅದು ಕಾಟ.

ಕನ್ನಡದಲ್ಲಿ ಬರೆಯುವಾಗ ‘ಮೀಮ್ಸ್‌ಗಳು’ ಅಂತ ಬರೆಯುತ್ತಾರೆ. ಅದು ಎರಡು ಬಹುವಚನ. ‘ಮೀಮ್‌ಗಳು’ ಸಾಕು. ಇಂಗ್ಲಿಷಿನಲ್ಲಿ ‘ಮಿಮೆಟಿಕ್’ ಬೇರೆ, ‘ಮೀಮೆಟಿಕ್’ ಬೇರೆ. ಮೊದಲನೆಯದು ಅನುಕರಣೆಗೆ ಸೇರಿದ್ದು, ಹಳೆಯದು, ಸಾಹಿತ್ಯ ವಿಮರ್ಶೆಯಲ್ಲಿ ಬಳಸುತ್ತಾರೆ. ಎರಡನೆಯದು ಮೀಮಿಗೆ ಸೇರಿದ್ದು. ಸ್ಪೆಲ್ಲಿಂಗಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ, ಐ ಬದಲು ಇ. ಪರೀಕ್ಷೆಯ ಪ್ರಬಂಧದಲ್ಲಿ ಮೀಮ್ ಶಬ್ದವನ್ನು ಧೈರ್ಯವಾಗಿ ಬಳಸಬಹುದು, ಎಲ್ಲ ದೊಡ್ಡ ಇಂಗ್ಲಿಷ್ ನಿಘಂಟುಗಳಲ್ಲೂ ಎರಡೂ ಅರ್ಥ ಇವೆ. ಮಕ್ಕಳು ಯಾವ ಅರ್ಥದಲ್ಲಿ ಬಳಸುತ್ತಿದ್ದಾರೆ ಅನ್ನುವುದು ವಾಕ್ಯದಲ್ಲೇ ಗೊತ್ತಾಗಬೇಕು, ಅಷ್ಟೆ. ಆ ಪ್ರಶ್ನೆ ಕೇಳಿದ ಹುಡುಗಿಗೆ ಈ ಉತ್ತರವನ್ನು ಪೂರ್ತಿ ಓದಲು ಕೊಡಿ.